ಅಮ್ಮಿಯ ಟ್ರಂಕಿನಲ್ಲಿ ನನ್ನ ಹಾರ್ಡ್‌ಡಿಸ್ಕ್

ಟಿಕ್... ಟಿಕ್... ಟಿಕ್...

ಗಡಿಯಾರವಲ್ಲ. ಮೇಜಿನ ಮೇಲಿಂದ ನೆಲಕ್ಕೆ ಬಿದ್ದ ನನ್ನ ಹಾರ್ಡ್‌ಡಿಸ್ಕ್‌ನ ಹೊಟ್ಟೆಯಿಂದ ಬರುತ್ತಿದ್ದ ಸದ್ದು.

ಕಳೆದ ಶನಿವಾರದ ಮಾತು. ಬಬಲೇಶ್ವರದ ಶಾಲೆಯಿಂದ (ಅಲ್ಲಿ ನಾನು ಮಕ್ಕಳಿಗೆ ವಿಜ್ಞಾನ ಹೇಳುತ್ತೇನೆ) ಮಧ್ಯಾಹ್ನದ ಬಸ್ಸಿಗೆ ವಿಜಯಪುರದ ಮನೆಗೆ ಬಂದಿದ್ದೆ. ಊಟ ಮುಗಿಸಿ, ಹಾಯಾಗಿ ಹಳೆಯ ಫೋಟೊ ನೋಡೋಣವೆಂದು ಲ್ಯಾಪ್‌ಟಾಪ್‌ಗೆ ಡಿಸ್ಕ್ ಜೋಡಿಸಿ ಕೂತೆ. ಅಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕುವ ವಾಸನೆ. ಎದ್ದು ಓಡಿದೆ. ಕಾಲು ಕೇಬಲ್ಲಿಗೆ ಸಿಕ್ಕಿತು.

ಹಾಲೂ ಉಕ್ಕಿತು. ಡಿಸ್ಕೂ ಬಿತ್ತು.

ಎತ್ತಿ ಮತ್ತೆ ಜೋಡಿಸಿದೆ. ಬಿಚ್ಚಿದೆ, ಜೋಡಿಸಿದೆ. ಕೇಬಲ್ ಬದಲಿಸಿದೆ. ಸೆರಗಿನಿಂದ ಒರೆಸಿದೆ (ಏಕೆ ಒರೆಸಿದೆನೋ ಗೊತ್ತಿಲ್ಲ). ಸ್ಕ್ರೀನಿನ ಮೇಲೆ ಏನೂ ಬರಲಿಲ್ಲ. ಟಿಕ್ ಟಿಕ್ ಮಾತ್ರ.

ಅದರೊಳಗೆ ಏನಿತ್ತು ಅಂತೀರಾ? ನಾನು ಕ್ಯಾಮೆರಾ ಕೊಂಡಂದಿನಿಂದ ಕ್ಲಿಕ್ಕಿಸಿದ್ದೆಲ್ಲ ಇತ್ತು. ಇಟ್ಟಂಗಿಹಾಳದ ಕಡೆ ಬೆಳಗಿನ ಮಂಜಿನಲ್ಲಿ ಹೋಗುವ ಕುರಿಹಿಂಡು. ಹೊನವಾಡದ ದ್ರಾಕ್ಷಿ ಪಡಗಳಲ್ಲಿ ಎಲೆಯ ಸಂದಿಯಿಂದ ಇಳಿಯುವ ಬಿಸಿಲು. ಹೆಸರು ಗೊತ್ತಿರುವ ಹಕ್ಕಿ, ಹೆಸರು ಗೊತ್ತಿಲ್ಲದ ಹಕ್ಕಿ. ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಮಗಳು ಸಹನಾ. ಅವಳ ಮುಂದಿನ ಹಲ್ಲು ಬಿದ್ದ ನಗು, ಅವಳು ಮೊದಲ ಸಲ ಸೈಕಲ್ಲಿನಿಂದ ಬಿದ್ದು ಎದ್ದು ನಿಂತ ಸಿಟ್ಟು. ಈಗ ಅವಳು ಹೈಸ್ಕೂಲು. ಕ್ಯಾಮೆರಾ ಕಂಡರೆ ಸಾಕು, ಮುಖಕ್ಕೆ ಪುಸ್ತಕ ಅಡ್ಡ ಹಿಡಿಯುತ್ತಾಳೆ. ಅಂದರೆ ಇನ್ನು ಹೊಸದು ಸಿಗುವುದಿಲ್ಲ. ಇದ್ದದ್ದೂ ಹೋದರೆ?

ನಮ್ಮ ಮನೆಯವರು ಸಮಾಧಾನ ಹೇಳಲು ಬಂದರು. "ಹೋಗ್ಲಿ ಬಿಡ. ನೀ ಅವನ್ನ ನೋಡ್ತಿದ್ದದ್ದರ ಎಷ್ಟು ಸಲ?"

ಮದುವೆಯಾದ ಹೆಂಗಸರೇ, ಗಂಡಂದಿರು ನಿಜ ಹೇಳಬಾರದ ಹೊತ್ತಿಗೇ ನಿಜ ಹೇಳುತ್ತಾರಲ್ಲ, ಇದನ್ನು ಇವರಿಗೆ ಯಾರು ಕಲಿಸಿಕೊಡುತ್ತಾರೆ?

ನಿಮ್ಮಲ್ಲಿ ಜಾಣರು ಕೇಳಬಹುದು: ಕ್ಲೌಡ್‌ನಲ್ಲಿ ಇಡಬಾರದಿತ್ತೇ? ಫೋನಿನ ಫೋಟೊ ಇಟ್ಟಿದ್ದೇನೆ, ಅದು "ಸ್ಟೋರೇಜ್ ಫುಲ್" ಎಂದು ದಿನಾ ಗೋಳಾಡುತ್ತದೆ. ಕ್ಯಾಮೆರಾದ ಫೈಲುಗಳು ಒಂದೊಂದೂ ಜೋಳದ ಚೀಲದಷ್ಟು ಭಾರ. ನಮ್ಮ ಓಣಿಯ ಇಂಟರ್ನೆಟ್ ಅವನ್ನು ಹೊತ್ತು ಮೇಲೇರಿಸುವಷ್ಟರಲ್ಲಿ ಕರೆಂಟು ಹೋಗಿರುತ್ತದೆ. ಲ್ಯಾಪ್‌ಟಾಪಿನಲ್ಲಿ ಒಂದು ಪ್ರತಿ ಇತ್ತು. ಜಾಗ ಸಾಲದೆ ಹೋದ ತಿಂಗಳಷ್ಟೇ ತೆಗೆದಿದ್ದೆ. ಡಿಸ್ಕಿನಲ್ಲಿ ಇದೆಯಲ್ಲ ಎಂಬ ಧೈರ್ಯ.

ಆದರೂ ನಾನು ಅಳಲಿಲ್ಲ. ಏಕೆಂದರೆ ಇನ್ನೊಂದು ಪ್ರತಿ ಇತ್ತು. ತಿಕೋಟಾದಲ್ಲಿ.

ಶಮ್‌ಶಾದಳ ವಿಷಯ ಇಲ್ಲಿ ಹೇಳಬೇಕು. ತಿಕೋಟಾದವಳು, ಸ್ಟಾಫ್ ನರ್ಸ್. ಹೆರಿಗೆ ವಾರ್ಡಿನ ಕೆಲಸ. ನನ್ನ ಹಾಗೆಯೇ ಕ್ಯಾಮೆರಾ ಹುಚ್ಚಿನವಳು. ವಿಜಯಪುರದ ಬಸ್‌ಸ್ಟ್ಯಾಂಡಿನಲ್ಲಿ ಮೊದಲ ಸಲ ಕಂಡಾಗ ಇಬ್ಬರ ಕೊರಳಲ್ಲೂ ಕ್ಯಾಮೆರಾ ನೇತಾಡುತ್ತಿತ್ತು. ಇಬ್ಬರೂ ಒಬ್ಬರನ್ನೊಬ್ಬರು ಪತ್ರಿಕೆಯವರು ಎಂದುಕೊಂಡೆವು. ಅಲ್ಲಿಂದ ಶುರುವಾದ ಸ್ನೇಹ. ರಜೆ ಕೂಡಿ ಬಂದ ಭಾನುವಾರಗಳಲ್ಲಿ ಇಬ್ಬರೂ ಒಂದು ಸ್ಕೂಟಿಯ ಮೇಲೆ ಘೋಣಸಗಿಯ ಹೊಲ, ಹೊನವಾಡದ ತೋಟ ಅಂತ ಸುತ್ತಿದ್ದೇವೆ. ನಾನು ಹಿಂದೆ ಕೂತವಳು, ಎಚ್ಚರಿಕೆಯಿಂದ. ಅವಳು ಓಡಿಸುವವಳು, ಎಚ್ಚರಿಕೆ ಇಲ್ಲದೆ.

ಒಂದು ದಿನ ಅವಳೇ ಉಪಾಯ ಹೇಳಿದಳು. "ನೋಡಕ್ಕಾ, ಮನ್ಯಾಗ ಎರಡು ಡಿಸ್ಕ್ ಇಟ್ರೂ ಒಂದ. ಕಳ್ಳ ಬಂದ್ರ ಎರಡೂ ಒಯ್ತಾನ. ನಿಂದೊಂದು ನಮ್ಮ ಮನ್ಯಾಗ ಇರ್ಲಿ, ನಂದೊಂದು ನಿಮ್ಮ ಮನ್ಯಾಗ."

ಹಾಗೆ ಶುರುವಾಯಿತು ನಮ್ಮ ಅದಲುಬದಲು. ದೀಪಾವಳಿಗೆ ಅವಳು ನಮ್ಮ ಮನೆಗೆ ಬಂದು ಕರ್ಚಿಕಾಯಿ ತಿಂದು ತನ್ನ ಡಿಸ್ಕ್ ಒಯ್ಯುತ್ತಾಳೆ, ಹೊಸ ಫೋಟೊ ತುಂಬಿ ಮರಳಿಸುತ್ತಾಳೆ. ರಂಜಾನಿಗೆ ನಾನು ಅವರ ಮನೆಗೆ ಹೋಗಿ ಹಾಲು-ಶಾವಿಗೆಯ ಸುರಕುಂಬಾ ಕುಡಿದು ನನ್ನದಕ್ಕೆ ಹೊಸದು ತುಂಬಿಸಿ ಬರುತ್ತೇನೆ. ಅವಳದು ನಮ್ಮ ಮನೆಯಲ್ಲಿ ನನ್ನ ರೇಷ್ಮೆ ಸೀರೆಗಳ ನಡುವೆ ಮಲಗಿರುತ್ತದೆ. ನನ್ನದು ಅವರ ಮನೆಯಲ್ಲಿ ಅವಳ ಅತ್ತೆಯ ಕಬ್ಬಿಣದ ಟ್ರಂಕಿನಲ್ಲಿ, ಡಾಂಬರು ಗುಳಿಗೆಗಳ ಜೊತೆ. (ಒಮ್ಮೆ ನನ್ನ ಜೊತೆ ಬಂದಿದ್ದ ಸಹನಾ ಅದನ್ನು ಮೂಸಿ, "ಅವ್ವಾ, ನಿನ್ನ ಫೋಟೊಕ್ಕೆ ನುಸಿ ಹಿಡಿಯೂದಿಲ್ಲ ಬಿಡು" ಅಂದಿದ್ದಳು.)

ಭಾನುವಾರ ಬೆಳಿಗ್ಗೆ ಶಮ್‌ಶಾದಳಿಗೆ ಫೋನ್ ಹಚ್ಚಿದೆ. ಎತ್ತಲಿಲ್ಲ. ಡ್ಯೂಟಿ ಇರಬೇಕು. ಹೆರಿಗೆ ವಾರ್ಡಿನೊಳಗೆ ಅವಳು ಫೋನ್ ಒಯ್ಯುವುದಿಲ್ಲ. ಕಾಯುವ ವ್ಯವಧಾನ ನನಗಿರಲಿಲ್ಲ. ಮನೆ ಗೊತ್ತು, ಟ್ರಂಕು ಗೊತ್ತು, ಟ್ರಂಕಿನ ಒಡತಿಯೂ ಗೊತ್ತು. ಹೋಗಿ ತಂದರಾಯಿತು. ತಿಕೋಟಾ ಬಸ್ಸು ಹತ್ತಿದೆ.

ಅವಳ ಅತ್ತೆಯನ್ನು ಓಣಿಯೆಲ್ಲ ಅಮ್ಮಿ ಅನ್ನುತ್ತದೆ, ನಾನೂ. ಅಂಗಳದ ಬಿಸಿಲಿಗೆ ಬೆನ್ನು ಕೊಟ್ಟು ಕೌದಿ ಹೊಲಿಯುತ್ತ ಕೂತಿದ್ದರು. ಸುತ್ತ ಹಳೆ ಸೀರೆ, ಹಳೆ ಅಂಗಿ, ಲಂಗದ ತುಂಡುಗಳು. ನನ್ನನ್ನು ಕಂಡು ಮುಖ ಅರಳಿತು.

"ಬರ್ರಿ ಅಕ್ಕೋರ, ಬರ್ರಿ! ಹಬ್ಬ ಇಲ್ಲ ಹುಣ್ವಿ ಇಲ್ಲ, ಇವತ್ತೆಂಗ ದಾರಿ ತಪ್ಪಿದ್ರಿ?"

(ನಮ್ಮ ಕಡೆ ಹೆಣ್ಣು ಟೀಚರ್ ಅಂದರೆ ಅಕ್ಕೋರು. ಅಮ್ಮಿ ನನಗಿಂತ ಎಷ್ಟೋ ದೊಡ್ಡವರು. ಆದರೂ ನಾನು ಅವರಿಗೆ ಅಕ್ಕೋರೇ.)

ಒಂದೇ ಉಸಿರಿನಲ್ಲಿ ಎಲ್ಲ ಹೇಳಿದೆ. ಹಾಲು, ಕೇಬಲ್, ಟಿಕ್ ಟಿಕ್. ಕಡೆಗೆ ಕೇಳಿದೆ: "ಅಮ್ಮಿ, ನನ್ನ ಡಬ್ಬಿ ಕೊಡ್ರಿ. ಮುಂದಿನ ಬಸ್ಸಿಗೆ ಹೊಂಟೆ."

ಅಮ್ಮಿ ಸೂಜಿಯನ್ನು ಕೌದಿಗೆ ಚುಚ್ಚಿಟ್ಟರು. ಕನ್ನಡಕ ತೆಗೆದರು.

"ಕೊಡಾಕ ಬರೂದಿಲ್ರಿ."

ನಾನು ನಕ್ಕೆ. ಅವರು ನಗಲಿಲ್ಲ.

"ಅಮ್ಮಿ, ಅದು ನಂದರಿ!"

"ನಿಮ್ಮದ ಇರ್ಲಿ. ನನ್ನ ಕೈಯಾಗ ಇಟ್ಟಾಕಿ ಯಾರು? ನನ್ನ ಸೊಸಿ. 'ನಾ ಹೇಳಲಾರದ ಯಾರು ಬಂದ್ರೂ ಕೊಡಬ್ಯಾಡ್ರಿ ಅಮ್ಮಿ' ಅಂತ ಹೇಳ್ಯಾಳ. ನಂಬಿ ಕೈಯಾಗ ಇಟ್ಟದ್ದು ಅಮಾನತ್ರಿ. ಅಮಾನತ್ ಅಂದ್ರ ಅಮಾನತ್. ಇಟ್ಟವರ ಬಾಯಿಲೆ ಮಾತು ಬರಬೇಕು."

"ಯಾರೂ ಅಂದ್ರ ಹೊರಗಿನವರು ಅಂತರಿ. ನಾ ಅಲ್ಲ!"

"ಹಂಗ ಆಕಿ ಬಿಡಿಸಿ ಹೇಳಿಲ್ಲ ನೋಡ್ರಿ."

ಈಗ ಏನು ಮಾಡುತ್ತೀರಿ? ಬ್ಯಾಂಕಿನವರಾದರೆ ಗುರುತಿನ ಚೀಟಿ ಕೇಳುತ್ತಾರೆ, ತೋರಿಸಬಹುದು. ಇಲ್ಲಿ ನನ್ನ ಗುರುತು ಚೆನ್ನಾಗಿಯೇ ಇದೆ. ನನ್ನ ಚಹಾಕ್ಕೆ ಎಷ್ಟು ಸಕ್ಕರೆ ಬೇಕು ಎಂಬುದೂ ಅಮ್ಮಿಗೆ ಗೊತ್ತು. ಡಬ್ಬಿ ಮಾತ್ರ ಸಿಗುವುದಿಲ್ಲ!

ಜೊತೆಗೆ ಅಮ್ಮಿ ಇನ್ನೊಂದು ಮಾತು ಸೇರಿಸಿದರು. "ಬ್ಯಾಸರಾಗಬ್ಯಾಡ್ರಿ ಅಕ್ಕೋರ. ನಿಮ್ಮ ಕೈಯಾಗಿಂದು ನಿನ್ನೆ ಕೆಟ್ಟೈತಿ ಅಂತ ನೀವ ಹೇಳಾಕತ್ತೀರಿ. ಇದನ್ನೂ ಒಯ್ದು ಕೆಡವಿಕೊಂಡ್ರ ಮತ್ತ ಯಾರ ಮನಿಗೆ ಹೋಗ್ತೀರಿ?"

ಚಪ್ಪಲಿ ಬಿಟ್ಟು ಅವರ ಎದುರಿಗೆ ಕೂತೆ.

ಶಮ್‌ಶಾದಳ ಫೋನ್ ಬರುವವರೆಗೆ ಕೂಡುವುದೆಂದಾಯಿತು. ಅಮ್ಮಿ ಒಳಗಿನಿಂದ ಸೀತನಿ ತಂದರು. ಎಳೆ ಜೋಳದ ತೆನೆಯನ್ನು ಬೆಂಕಿಯಲ್ಲಿ ಸುಟ್ಟು ತಿಕ್ಕಿದ ಕಾಳು, ಇನ್ನೂ ಬೆಚ್ಚಗಿತ್ತು. ಮೇಲೆ ಶೇಂಗಾ ಹಿಂಡಿ, ಒಂದು ಚೂರು ಬೆಲ್ಲ. ಸಿಟ್ಟು ಬಂದಾಗ ಸೀತನಿ ತಿನ್ನಬಾರದು. ಸಿಟ್ಟು ಉಳಿಯುವುದಿಲ್ಲ.

"ಅಷ್ಟು ಹೊಯ್ಕೊಂತೀರಲ್ಲ, ಏನೈತ್ರಿ ಆ ಡಬ್ಬಿಯಾಗ?" ಅಮ್ಮಿ ಮತ್ತೆ ಸೂಜಿ ಹಿಡಿದು ಕೇಳಿದರು.

"ಫೋಟೊರಿ."

"ಅದು ನನಗೂ ಗೊತ್ತೈತಿ. ಯಾವ ಫೋಟೊ? ಒಂದೊಂದ ಹೇಳ್ರಿ. ಹೊತ್ತು ಹೋಗಬೇಕಲ್ಲ."

ಹೇಳಲು ಶುರು ಮಾಡಿದೆ. ಮಗಳ ಹಲ್ಲು ಬಿದ್ದ ನಗು. ಮಂಜಿನ ಕುರಿಹಿಂಡು. ಆ ಹಿಂಡಿನ ಕುರುಬ ಅಜ್ಜ, ಮರಿಯೊಂದನ್ನು ಕಂಬಳಿಯೊಳಗೆ ಹುದುಗಿಸಿಕೊಂಡು ನಿಂತದ್ದು, ಕಂಬಳಿಯಿಂದ ಮರಿಯ ಕಿವಿ ಮಾತ್ರ ಹೊರಗೆ ಕಂಡದ್ದು. ಘೋಣಸಗಿಯಲ್ಲಿ ಮಳೆ ಹನಿದ ಮೊದಲ ದಿನ ಹೊಲದ ಬದುವಿನ ಮೇಲೆ ಕುಣಿದ ಹುಡುಗಿಯರು. ಆಮೇಲೆ...

ಆಮೇಲೆ?

ತಡವರಿಸಿದೆ. ಸಾವಿರಗಟ್ಟಲೆ ಫೋಟೊಗಳು. ನಾಲಿಗೆಯ ಮೇಲೆ ಬಂದದ್ದು ಒಂದು ಬೊಗಸೆಯಷ್ಟು! ಉಳಿದವು ಏನು? ಒಂದೇ ಹಕ್ಕಿಯ ಹತ್ತಾರು ಪ್ರತಿ, ಸೂರ್ಯ ಮುಳುಗುವುದರ ಮೇಲೆ ಸೂರ್ಯ ಮುಳುಗುವುದು. ನಿನ್ನೆಯಿಂದ ನಾನು ಒದ್ದಾಡುತ್ತಿರುವುದು ಯಾವುದಕ್ಕೆ? ಈ ಬೊಗಸೆಗೋ, ಆ ರಾಶಿಗೋ? ನೀವೂ ಒಮ್ಮೆ ಮಾಡಿ ನೋಡಿ. ಫೋನ್ ಕೆಳಗಿಡಿ, ಕಣ್ಣು ಮುಚ್ಚಿ, ಅದರೊಳಗಿನ ಫೋಟೊ ಎಣಿಸಿ. ಎಲ್ಲಿಯವರೆಗೆ ಹೋಗುತ್ತೀರಿ?

ಅಮ್ಮಿ ಮಾತ್ರ ಬಿಡಲಿಲ್ಲ. "ಆ ಮರಿ ಬದುಕಿತೇನ್ರಿ?" ಎಂದು ಕೇಳಿದರು. ಗೊತ್ತಿಲ್ಲವೆಂದೆ. "ಬದುಕಿರತೈತಿ. ಕಂಬಳ್ಯಾಗ ಇಟ್ಕೊಂಡಿದ್ದ ಅಂದ್ರ ಬದುಕಿರತೈತಿ," ಎಂದು ತಾವೇ ತೀರ್ಮಾನಿಸಿ ಹೊಲಿಗೆ ಮುಂದುವರಿಸಿದರು.

ಅವರ ಕೈ ನೋಡುತ್ತಿದ್ದಂತೆ ನೆನಪಾಯಿತು. "ನಿಮ್ಮ ಕೌದಿ ಅದಾವರಿ ಅದರಾಗ."

ಸೂಜಿ ನಿಂತಿತು. "ಯಾವ ಕೌದಿ?"

"ಎಲ್ಲಾವು. ನಾ ಬಂದಾಗೊಮ್ಮೆ ಹಗ್ಗದ ಮ್ಯಾಲ ಹೊಸದೊಂದು ಹಾಕಿರತಿದ್ರಲ್ಲ? ಒಂದೂ ಬಿಟ್ಟಿಲ್ಲ ನಾ."

ಅಮ್ಮಿ ಹೊಲಿದ ಕೌದಿ ಮನೆಯಲ್ಲಿ ನಿಲ್ಲುವುದಿಲ್ಲ. ಓಣಿಯಲ್ಲಿ ಯಾರಿಗೆ ಕೂಸು ಹುಟ್ಟಿದರೂ ಒಂದು. ಮದುವೆಯಾದ ಹೆಣ್ಣುಮಕ್ಕಳಿಗೆ, ತಂಗಿಯ ಮಕ್ಕಳಿಗೆ ಒಂದೊಂದು. ನನ್ನ ಮನೆಯಲ್ಲೂ ಒಂದಿದೆ. ಹೊಲಿದು, ಒಗೆದು, ಒಣಗಿಸಿ ಕೊಟ್ಟುಬಿಡುತ್ತಾರೆ. ಕೊಡುವ ಮುನ್ನ ಹಗ್ಗದ ಮೇಲೆ ತೂಗುತ್ತಿದ್ದವನ್ನು ನಾನು ಕ್ಲಿಕ್ಕಿಸಿದ್ದೆ. ಆಗ ಕ್ಯಾಮೆರಾದ ಹಿಂದಿನ ಕಿರು ಪರದೆಯಲ್ಲಿ ತೋರಿಸಿಯೂ ಇದ್ದೆ. ಹೆಬ್ಬೆಟ್ಟಿನಷ್ಟು ಚಿತ್ರ, ಅಂಗಳದ ಬಿಸಿಲು ಬೇರೆ. ಅವರಿಗೆ ಏನು ಕಂಡಿತ್ತೋ ಏನೋ.

"ಅವು ಇನ್ನೂ ಅದಾವ?" ಅಮ್ಮಿ ಕೇಳಿದರು. "ನಾ, ತಗದು ನೋಡಿ ಅಳಿಸಿಬಿಡ್ತೀರಿ ಅಂತ ತಿಳದಿದ್ದೆ. ನನ್ನ ಟ್ರಂಕಿನಾಗ ಅದಾವ? ಇಷ್ಟು ದಿನಾ?"

ಆಗ ಫೋನ್ ರಿಂಗಾಯಿತು. ಶಮ್‌ಶಾದ್. ಸ್ಪೀಕರ್ ಹಾಕಿದೆ. ನಾನು ಹೇಳಿದ್ದು ಕೇಳಿ ಆ ಕಡೆ ಅವಳು ನಕ್ಕ ರೀತಿಗೆ ಅಂಗಳದ ಕೋಳಿ ಬೆದರಿತು.

"ಅಯ್ಯ ಅಮ್ಮಿ, ಅಕ್ಕಗ ಇಲ್ಲಂದ್ರೇನು? ಓಣಿ ಹುಡುಗೂರು ಸಿನಿಮಾ ತುಂಬಸಾಕ ಒಯ್ತಾರಂತ ಹಂಗ ಹೇಳಿದ್ನಿ. ಕೊಡ್ರಿ, ಕೊಡ್ರಿ!"

"ಈಗ ಹೇಳಿದೆಲ್ಲ, ಆತು," ಅಂದರು ಅಮ್ಮಿ. ಒಳಗೆ ಹೋದರು. ಟ್ರಂಕಿನ ಕೀಲಿಯ ಸದ್ದು. ಹೊರಬಂದಾಗ ಹೊಸ ಸೀರೆ ಉಟ್ಟಿದ್ದರು, ಕಾಲಲ್ಲಿ ಚಪ್ಪಲಿ, ಕೈಯಲ್ಲಿ ಬಟ್ಟೆಯ ಗಂಟು.

"ನಡೀರಿ."

"ಎಲ್ಲಿಗ್ರಿ?"

"ವಿಜಾಪುರಕ್ಕ. ನನ್ನ ಕೌದಿ ನಾ ನೋಡಬ್ಯಾಡೇನು? ಮತ್ತ ನಿಮ್ಮ ಕೈಯಾಗ ಇದನ್ನ ಒಂಟಿ ಕೊಟ್ಟು ಕಳಸೂದಿಲ್ಲ ನಾ."

ಬಸ್ಸಿನಲ್ಲಿ ಅಮ್ಮಿ ಗಂಟನ್ನು ತೊಡೆಯ ಮೇಲಿಟ್ಟು ಎರಡೂ ಕೈಯಿಂದ ಹಿಡಿದಿದ್ದರು. ಕಂಡಕ್ಟರ್ ಅವರ ಆಧಾರ್ ನೋಡಿ ಹೆಂಗಸರ ಬಿಟ್ಟಿ ಟಿಕೆಟ್ ಹರಿದು ಕೊಟ್ಟ. "ಏನೈತಿ ಆಯಿ ಗಂಟಿನಾಗ, ಬಂಗಾರೇನ?" ಎಂದು ತಮಾಷೆ ಮಾಡಿದ.

"ಅಕ್ಕೋರ ಮಗಳ ಹಲ್ಲೈತಿ," ಅಂದರು ಅಮ್ಮಿ. ಅವನು ಗಂಟನ್ನೊಮ್ಮೆ ದಿಟ್ಟಿಸಿ ಮುಂದಿನ ಸೀಟಿಗೆ ಹೋದ.

ಮನೆಯಲ್ಲಿ ನಮ್ಮವರು ಅಷ್ಟರಲ್ಲಿ ಎರಡು ಹೊಸ ಡಿಸ್ಕ್ ತಂದಿಟ್ಟಿದ್ದರು (ನಿನ್ನೆಯ ಮಾತಿಗೆ ಪ್ರಾಯಶ್ಚಿತ್ತ. ಬಾಯಿಬಿಟ್ಟು ಹೇಳಲಿಲ್ಲ, ನಾನೂ ಕೇಳಲಿಲ್ಲ). ಅಮ್ಮಿಯ ಗಂಟು ಬಿಚ್ಚಿ, ಡಿಸ್ಕನ್ನು ನೆಲದ ಮೇಲೆ ಚಾಪೆ ಹಾಸಿ ಇಟ್ಟೆವು. ಬಿದ್ದರೆ ಬೀಳಲು ಜಾಗವಿರಬಾರದಲ್ಲ! ಕೇಬಲ್ ಜೋಡಿಸಿದೆ.

ಏನೂ ಬರಲಿಲ್ಲ.

ಸಹನಾ ಪುಸ್ತಕ ಕೆಳಗಿಟ್ಟಳು.

"ತಡೀರಿ," ಅಂದರು ನಮ್ಮವರು, "ಕೇಬಲ್ ಪೂರಾ ಕೂತಿಲ್ಲ." ಒತ್ತಿದರು. ಸಣ್ಣ ನೀಲಿ ದೀಪ ಹತ್ತಿತು. ಒಂದು ಮೆಲ್ಲನೆಯ ಗುಂಯ್ ಸದ್ದು. ಆಮೇಲೆ ಪರದೆಯ ತುಂಬ ಹಳದಿ ಹಳದಿ ಫೋಲ್ಡರುಗಳು, ಹಾಸಿದ ಸೇವಂತಿಯಂತೆ.

ಶನಿವಾರದಿಂದ ತಡೆದಿದ್ದ ಅಳು ಆಗ ಬಂತು. ಅಮ್ಮಿ ಬೆನ್ನು ಸವರಿದರು. "ಬಂದ್ವಲ್ಲ, ಇನ್ಯಾಕ ಅಳ್ತೀರಿ? ಹುಚ್ಚಿ."

ಅಕ್ಕೋರು ಹೋಗಿ ಹುಚ್ಚಿ ಆಗಿದ್ದೆ. ಇದಕ್ಕಿಂತ ದೊಡ್ಡ ಬಡ್ತಿ ನನಗೆ ನೌಕರಿಯಲ್ಲಿ ಸಿಕ್ಕಿಲ್ಲ.

ಪ್ರತಿ ಆಗಲು ತಾಸುಗಟ್ಟಲೆ ಹಿಡಿಯುತ್ತದೆ. ಒಂದು ಡಿಸ್ಕಿಗೆ ಪ್ರತಿ ಮುಗಿದ ಮೇಲೆ, ಆ ಹೊಸದನ್ನೇ ಟಿವಿಗೆ ಜೋಡಿಸಿದೆವು. (ಅಮ್ಮಿಯ ಡಿಸ್ಕಿಗೆ ಮಾತ್ರ ಯಾರೂ ಕೈ ಹಚ್ಚಕೂಡದು ಎಂದು ಸಹನಾಳೇ ಕಾವಲು ಕೂತಳು.) ಕೌದಿಗಳನ್ನು ಹುಡುಕಿ ಒಂದು ಫೋಲ್ಡರಿಗೆ ಹಾಕಿ, ಒಂದಾದ ಮೇಲೊಂದು ತೋರಿಸಿದೆ.

ಟಿವಿಯಷ್ಟು ದೊಡ್ಡ ಕೌದಿ. ಹೊಲಿಗೆಯ ಒಂದೊಂದು ಎಳೆಯೂ ಕಾಣುತ್ತಿತ್ತು.

ಅಮ್ಮಿ ಸೋಫಾದ ಮೇಲಿಂದ ಎದ್ದು ಟಿವಿಯ ಹತ್ತಿರ ಹೋಗಿ ನಿಂತರು. ಪರದೆಯನ್ನು ಮುಟ್ಟಿದರು. "ಇದು ನನ್ನ ದೊಡ್ಡ ಮಗಳಿಗೆ ಕೊಟ್ಟದ್ದು. ಇಲ್ಲಿ ನೋಡ್ರಿ, ಈ ಹಸರ ಚೌಕ, ಅವರಪ್ಪನ ಲುಂಗಿ. ಇದು ಶಮ್‌ಶಾದ್ ಮೊದಲ ಸಲ ಡ್ಯೂಟಿಗೆ ಹೋಗುವಾಗ ಉಟ್ಟ ಬಿಳಿ ಸೀರಿ, ಚಹಾ ಚೆಲ್ಲಿ ಕಲಿ ಆತು, ಹರದ್ನಿ. ಇದು, ಇದು... ನನ್ನ ತಂಗಿ ಲಂಗ. ಆಕಿ ಇದನ್ನ ಹಾಕ್ಕೊಂಡು ಜೋಕಾಲಿ ಆಡತಿದ್ಲು."

ಮುಂದಿನದು. ಅದರ ಮುಂದಿನದು. ಯಾವ ಕೌದಿಗೂ ಅವರು "ಗೊತ್ತಿಲ್ಲ" ಅನ್ನಲಿಲ್ಲ. ಸಹನಾ ಸದ್ದಿಲ್ಲದೆ ಅವರ ಪಕ್ಕ ಹೋಗಿ ನಿಂತಿದ್ದಳು. "ಇದು ಯಾರದು ಆಯಿ? ಇದು?" ಎಂದು ಕೇಳುತ್ತಿದ್ದಳು.

ಕಡೆಗೆ ಎಲ್ಲ ಕೌದಿಗಳನ್ನೂ ಸಣ್ಣ ಸಣ್ಣದಾಗಿ ಒಂದೇ ಪರದೆಯ ಮೇಲೆ ಹರಡಿದೆ. ಅಮ್ಮಿ ಎರಡು ಹೆಜ್ಜೆ ಹಿಂದೆ ಸರಿದರು.

"ಇಷ್ಟೆಲ್ಲ ನಾ ಹೊಲದೇನಿ?" ಅಂದರು. "ಒಂದೊಂದ ಹೊಲದು ಕೊಟ್ಟು ಕೈ ಝಾಡಿಸಿಬಿಟ್ಟೆ. ಎಲ್ಲಾ ಕೂಡಿ ಒಂದ ಕಡೆ ಇರೂದನ್ನ ಇವತ್ತ ನೋಡಿದ್ನಿ ಯವ್ವಾ."

ಎಲ್ಲವೂ ಸಿಕ್ಕಿತು ಎಂದರೆ ಸುಳ್ಳಾದೀತು. ಕಳೆದ ರಂಜಾನಿನಿಂದ ಈಚೆಗೆ ತೆಗೆದದ್ದು ಬಿದ್ದ ಡಿಸ್ಕಿನಲ್ಲಷ್ಟೇ ಇತ್ತು. ಈ ವಾರ ರಿಪೇರಿಯವನು ನೋಡಿ, ಆಗದೆಂದು ತಲೆ ಅಲ್ಲಾಡಿಸಿದ್ದಾನೆ. ಅದರಲ್ಲಿ ಅಮ್ಮಿಯ ಇತ್ತೀಚಿನ ಒಂದು ಕೌದಿಯೂ ಇತ್ತು, ಹೊನವಾಡದ ತಂಗಿಯ ಮಗಳ ಬಾಣಂತನಕ್ಕೆ ಕೊಟ್ಟದ್ದು, ಎಲ್ಲಕ್ಕಿಂತ ಚೆಂದದ್ದು. ಆ ಭಾನುವಾರವೇ ಅದನ್ನು ಅಮ್ಮಿಗೆ ಹಿಂಜರಿಯುತ್ತ ಹೇಳಿದ್ದೆ.

ಅಮ್ಮಿಗೆ ಬೇಸರವೇ ಆಗಲಿಲ್ಲ. "ಫೋಟೊ ಹೋದ್ರ ಕೌದಿ ಎಲ್ಲಿ ಹೋಗತೈತ್ರಿ? ಹೊನವಾಡದಾಗ ಕೂಸು ಅದರ ಮ್ಯಾಲ ಉಚ್ಚಿ ಹೊಯ್ಯಾಕತ್ತೈತಿ. ಹೋಗೂಣು ಒಮ್ಮೆ. ಕೂಸಿನ ಸಮೇತ ತಗೀರಿ."

ಊಟ ಮಾಡಿಸಿ, ಸಂಜೆಯ ಬಸ್ಸಿಗೆ ಕಳಿಸಲು ಹೊರಟೆವು. ನಾನು ಹೊಸ ಡಿಸ್ಕುಗಳಲ್ಲಿ ಒಂದನ್ನು ಅವರ ಕೈಗೆ ಕೊಡಹೋದೆ. ಹೊಸದು, ಗಟ್ಟಿ, ಹೆಚ್ಚು ಜಾಗದ್ದು. ಅಮ್ಮಿ ಅದನ್ನು ತಿರುಗಿಸಿ ನೋಡಿ ಮರಳಿ ಕೊಟ್ಟರು. ಹಳೆಯದನ್ನೇ ಬಟ್ಟೆಯಲ್ಲಿ ಸುತ್ತಿಕೊಂಡರು. "ಇದು ನನ್ನ ಕೈಯಾಗ ಕೆಟ್ಟಿಲ್ಲ. ಇದ ಇರ್ಲಿ."

ಬಸ್‌ಸ್ಟ್ಯಾಂಡಿನಲ್ಲಿ ಶಮ್‌ಶಾದ್‌ಗೆ ಫೋನ್ ಮಾಡಿ ಅವರು ಬರುವ ಬಸ್ಸು ಹೇಳಿದೆ. ಆಮೇಲೆ ಕಿಟಕಿಯ ಹತ್ತಿರ ಹೋಗಿ, "ಅಮ್ಮಿ, ಮತ್ತೊಮ್ಮೆ ಹಿಂಗ ಆದ್ರ ನನಗ ಕೊಡ್ತೀರೊ ಇಲ್ಲೊ?" ಎಂದು ಕೇಳಿದೆ.

ಅವರು ಗಂಭೀರವಾಗಿ ಯೋಚಿಸಿದರು. "ಸೊಸಿನ್ನ ಕೇಳಿ ಹೇಳ್ತೀನ್ರಿ," ಅಂದರು. ಬಸ್ಸು ಹೊರಟಿತು.

ನಿಮ್ಮ ಫೋಟೊಗಳು ಎಷ್ಟು ಜಿಬಿ, ಎಷ್ಟು ಕಡೆ ಇವೆ ಎಂದು ನಾನು ಕೇಳುವುದಿಲ್ಲ. ನಿಮ್ಮದನ್ನು ನಿಮಗೇ ಕೊಡಲು ಹತ್ತು ಸಲ ಯೋಚಿಸುವಷ್ಟು ಜೋಪಾನವಾಗಿ ಕಾಯುವವರು, ನಿಮಗೆ ಒಬ್ಬರಾದರೂ ಇದ್ದಾರೆಯೇ?